ಹದಿಮೂರನೇ ಸುತ್ತು

ನನಗೆ ಕಾರು ಕಲಿಸಿದ ಮಾಸ್ತರರು ಹೋದ ತಿಂಗಳು ತೀರಿಕೊಂಡರು. ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬರೆದರೂ ಕಲಬುರಗಿಯಲ್ಲಿ ಬಹಳ ಜನಕ್ಕೆ ಗುರುತು ಹತ್ತಲಿಕ್ಕಿಲ್ಲ, ಊರಿಗೆಲ್ಲ ಅವರು ಬರೀ 'ಗಾಡಿ ಮಾಸ್ತರ್'. ಅವತ್ತು ಅವರ ಮನೆಯ ಮುಂದೆ ನಿಂತಿದ್ದ ಗಾಡಿಗಳನ್ನು ನೋಡಿ ನನಗೆ ಅಳುವಿನ ನಡುವೆಯೂ ನಗು ಬಂತು. ಓಣಿಯ ಉದ್ದಕ್ಕೂ ಮೂವತ್ತು ನಲವತ್ತು ಕಾರು. ಒಂದೊಂದೂ ಗೋಡೆಗೆ ಒಂದು ಗೇಣು ಬಿಟ್ಟು, ಚಕ್ರ ನೆಟ್ಟಗೆ ಮಾಡಿಕೊಂಡು, ಹೊರಗೆ ಹೋಗುವ ದಿಕ್ಕಿಗೇ ಮುಖ ಮಾಡಿ ನಿಂತಿದ್ದವು. ಕಣ್ಣು ಒರೆಸಿಕೊಳ್ಳುತ್ತ ಬಂದವರೂ ಎರಡು ಸಲ ಹಿಂದೆ ಮುಂದೆ ಮಾಡಿ, ಸರಿಯಾಗಿ ನಿಲ್ಲಿಸಿಯೇ ಇಳಿದಿದ್ದರು. ಹಾಗೆ ನಿಲ್ಲಿಸದಿದ್ದರೆ ಅವರು ಎದ್ದು ಬಂದು ಬೈಯುತ್ತಾರೆ ಎಂಬ ಹೆದರಿಕೆ ನನಗಂತೂ ಇತ್ತು.

ನಾನು ಕಮಲಾಪುರದ ಹೈಸ್ಕೂಲಿನಲ್ಲಿ ಗಣಿತ ಕಲಿಸುವವಳು. ಮನೆ ಕಲಬುರಗಿಯಲ್ಲಿ. ಹನ್ನೆರಡು ವರ್ಷದ ಹಿಂದೆ ಅಲ್ಲಿಗೆ ವರ್ಗವಾದಾಗ ಬಸ್ಸಿನಲ್ಲಿ ಹೋಗಿ ಬರುತ್ತಿದ್ದೆ. ಬೆಳಗಿನ ಬಸ್ಸಿನಲ್ಲಿ ಒಂದು ಕಾಲಿಗಷ್ಟೇ ಜಾಗ ಸಿಗುತ್ತಿತ್ತು, ಇನ್ನೊಂದನ್ನು ಎಲ್ಲಿಡುವುದೆಂದು ಕಮಲಾಪುರ ಬರುವವರೆಗೂ ಹುಡುಕಬೇಕಿತ್ತು. ಸಾಲದ್ದಕ್ಕೆ ದಾರಿಯಲ್ಲಿ ನನ್ನ ತವರು ಮಹಾಗಾಂವ. ನಮ್ಮಣ್ಣ ಚಹಾದ ಅಂಗಡಿಯ ಮುಂದೆ ನಿಂತು, ತಂಗಿ ಬಾಗಿಲಿಗೆ ಜೋತುಬಿದ್ದು ಹೋಗುವುದನ್ನು ನೋಡಿ, ಮನೆಗೆ ಹೋಗಿ ಅವ್ವನಿಗೆ ವರದಿ ಒಪ್ಪಿಸುತ್ತಿದ್ದ. ಒಂದು ದಿನ ಸಿಟ್ಟು ಬಂದು, ಕಾರು ಕಲಿಯುತ್ತೇನೆ ಎಂದೆ. ನಮ್ಮ ಯಜಮಾನರು ಪೇಪರಿನಿಂದ ತಲೆ ಎತ್ತಿ ನಕ್ಕರು. ಆ ನಗು ಇಲ್ಲದಿದ್ದರೆ ನಾನು ಇಷ್ಟು ಬೇಗ ಕಲಿಯುತ್ತಿರಲಿಲ್ಲವೇನೋ. ನನ್ನ ಸ್ವಭಾವವೇ ಹಾಗೆ, ಯಾರಾದರೂ ನಕ್ಕರೆ ಸಾಕು.

ಮಾಸ್ತರರು ಮೊದಲು ಬಸ್ಸು ಓಡಿಸುವವರಿಗೆ ತರಬೇತಿ ಕೊಡುತ್ತಿದ್ದವರು. ನಿವೃತ್ತರಾದ ಮೇಲೆ ಶರಣಬಸವೇಶ್ವರ ಗುಡಿಯ ಹತ್ತಿರ ಒಂದು ಕೋಣೆ ಹಿಡಿದು, ಒಂದು ಹಳೇ ಬಿಳಿ ಕಾರು ಇಟ್ಟುಕೊಂಡು ಸ್ಕೂಲು ತೆರೆದಿದ್ದರು. ಬಿಳಿ ಪೈಜಾಮ, ಬಿಳಿ ಅಂಗಿ, ಹಣೆಯ ಮೇಲೆ ಗೋಪೀಚಂದನ, ಮೂಗಿನ ತುದಿಗೆ ದಪ್ಪ ಕನ್ನಡಕ. ಮನೆಯ ಮಾತು ಮರಾಠಿ, ಓಣಿಯ ಮಾತು ಕನ್ನಡ. ಕಾರಿನಲ್ಲಿ ಕೂತರೆ ಭಾಷೆಗಳ ಹಂಚಿಕೆ ಬೇರೆಯೇ ಆಗುತ್ತಿತ್ತು. ನಮ್ಮ ಜೊತೆ ಕನ್ನಡ, ಗಾಡಿಯ ಜೊತೆ ಮರಾಠಿ, ಎದುರಿಗೆ ಅಡ್ಡಾದಿಡ್ಡಿ ಬಂದವರ ಜೊತೆ ಉರ್ದು. ನಾನು ಚೌಕದಲ್ಲಿ ಗಾಡಿ ಬಂದ್ ಬೀಳಿಸಿದರೆ ನನಗೆ ಏನೂ ಅನ್ನದೆ, ಡ್ಯಾಶ್‌ಬೋರ್ಡಿನ ಮೇಲೆ ಕೈಯಾಡಿಸಿ "ಚಲ್ ಬಾಳಾ, ಚಲ್" ಎಂದು ಗಾಡಿಯನ್ನು ಸಮಾಧಾನ ಮಾಡುತ್ತಿದ್ದರು. ಅಷ್ಟರಲ್ಲಿ ಯಾವನೋ ಸ್ಕೂಟರಿನವನು ಮೂತಿಯ ಮುಂದೆಯೇ ನುಗ್ಗಿದರೆ, ತಲೆ ಹೊರಗೆ ಹಾಕಿ "ಕಾಯ್ಕು ಭಾಯ್ ಇತ್ತಾ ಜಲ್ದಿ?" ಎನ್ನುತ್ತಿದ್ದರು. ದನಿಯಲ್ಲಿ ಸಿಟ್ಟಿರುತ್ತಿರಲಿಲ್ಲ, ಇಷ್ಟು ಅವಸರ ಯಾಕೆಂದು ಖರೇನೇ ಕಾರಣ ಕೇಳುವಂತಿರುತ್ತಿತ್ತು.

ಮೊದಲ ದಿನ ಕ್ಲಚ್ಚಿನ ಪಾಠ. ನಾನು ಕಾಲು ಬಿಟ್ಟ ಕೂಡಲೇ ಗಾಡಿ ಜಿಗಿದು ಸತ್ತುಹೋಗುತ್ತಿತ್ತು. ಆರೇಳು ಸಲ ಹಾಗಾದ ಮೇಲೆ ಅವರು ಕೇಳಿದರು.

"ಮಕ್ಕಳ ಅದಾರೇನ್ರಿ?"

"ಒಬ್ಬ ಮಗಳಿದ್ದಾಳ್ರಿ ಸರ್."

"ಸಣ್ಣಾಕಿ ಇದ್ದಾಗ ತೋಳಿನ ಮ್ಯಾಲೆ ಮಲಗಿಸಿಕೊಂಡಿರ್ತೀರಿ. ಅಕಿಗೆ ನಿದ್ದಿ ಹತ್ತಿದ ಮ್ಯಾಲೆ ತಲಿ ಕೆಳಗಿಂದ ಕೈ ಹ್ಯಾಂಗ ತೆಗೀತಿದ್ರಿ? ಹಂಗ ತೆಗೀರಿ ಕಾಲ."

ನಾನು ಹಾಗೆಯೇ ತೆಗೆದೆ. ಗಾಡಿ ಸದ್ದಿಲ್ಲದೆ ಹೊರಟಿತು. ಪುಸ್ತಕ ಓದಿ ಬಿ.ಎಡ್. ಮಾಡಿದವಳು ನಾನು, ಕಲಿಸುವುದು ಎಂದರೇನು ಅಂತ ಅವತ್ತು ಬೆಳಗ್ಗೆ ಆರು ಗಂಟೆಗೆ, ಕೋಟನೂರಿನ ರಸ್ತೆಯಲ್ಲಿ ನನಗೆ ಗೊತ್ತಾಯಿತು. ನನ್ನ ಜೊತೆಗೇ ಒಬ್ಬ ಇಂಜಿನಿಯರ್ ಹುಡುಗ ಕಲಿಯಲು ಬರುತ್ತಿದ್ದ, ಅವನಿಗೆ ಅದೇ ಕ್ಲಚ್ಚಿಗೆ ಬೇರೆ ಏನೋ ಹೇಳಿದ್ದರಂತೆ. ಅವನಿಗೆ ಏನು ಹೇಳಿದಿರಿ ಎಂದರೆ, ಅದು ಗಂಡಸರ ಪಾಠ ಎಂದು ನಕ್ಕುಬಿಟ್ಟರು.

ಹಾರ್ನಿನ ವಿಷಯದಲ್ಲಿ ಅವರಷ್ಟು ಜಿಪುಣರನ್ನು ನಾನು ನೋಡಿಲ್ಲ. ಒಂದು ಪಾಠಕ್ಕೆ ಮೂರೇ ಹಾರ್ನ್. ನಾಲ್ಕನೆಯದು ಹೊಡೆದರೆ ಗಾಡಿ ನಿಲ್ಲಿಸಿ ಕಾರಣ ಹೇಳಬೇಕು. ನಾನೊಮ್ಮೆ ರಸ್ತೆಯಲ್ಲಿ ನಿಂತ ಎಮ್ಮೆಗೆ ಒಂದೇ ಸಮನೆ ಹೊಡೆದೆ. "ಅದಕ್ಕ ಯಾಕ ಅವಸರ ಮಾಡ್ತಿ? ಅದಕ್ಕೇನು ಶಾಲಿಗೆ ತಡ ಆಗ್ಯಾದೇನು?" ಎಂದರು. ಎಮ್ಮೆ ತಾನಾಗಿ ಹೋಗುವವರೆಗೆ ಇಬ್ಬರೂ ಕೂತೆವು. ಅಷ್ಟು ಹೊತ್ತು ಅವರು ಊರಿನಲ್ಲಿ ಯಾವ ಓಣಿಯ ಎಮ್ಮೆಗಳು ಶಾಣ್ಯಾ, ಯಾವ ಓಣಿಯವು ಹಟಮಾರಿ ಎಂದು ಹೇಳಿದರು. ಏಕಾದಶಿಯ ದಿನ ಮಾತ್ರ ಅವರ ಹತ್ತಿರ ಹೋಗಬಾರದು. ಉಪವಾಸದಲ್ಲಿ ಅವರಿಗೆ ಸಿಟ್ಟು ಜಾಸ್ತಿ. ಕ್ಯಾಲೆಂಡರಿನಲ್ಲಿ ಏಕಾದಶಿ ನೋಡುವುದನ್ನು ನಾನು ಕಲಿತದ್ದು ಭಕ್ತಿಯಿಂದಲ್ಲ.

ಅವರು ಕೂಡುತ್ತಿದ್ದದ್ದು ಯಾವಾಗಲೂ ಎಡಗಡೆಯ ಸೀಟಿನಲ್ಲಿ. ಕಲಿಸುವ ಗಾಡಿಗೆ ಆ ಕಡೆಗೂ ಒಂದು ಬ್ರೇಕ್ ಇರುತ್ತದೆ. ಅವರ ಕಾಲು ಸದಾ ಅದರ ಮೇಲೆ. ಎಷ್ಟು ರೂಢಿಯಾಗಿತ್ತೆಂದರೆ, ಆಟೋದಲ್ಲಿ ಕೂತಾಗಲೂ ಕಾಲು ನೆಲವನ್ನು ಒತ್ತುತ್ತಿತ್ತು. ಕಲಿಕೆ ಮುಗಿಯುವ ವಾರ ನನ್ನನ್ನು ಕಮಲಾಪುರದ ರಸ್ತೆಗೆ ಕರೆದುಕೊಂಡು ಹೋದರು. ಮಹಾಗಾಂವ ಬಂದಾಗ "ನಿಲ್ಲಸು" ಎಂದರು. ಚಹಾದ ಅಂಗಡಿಯ ಮುಂದೆ ನಮ್ಮಣ್ಣ ಬಸಿಯಲ್ಲಿ ಚಹಾ ಹಿಡಿದುಕೊಂಡು ನಿಂತಿದ್ದ. ಅವನನ್ನು ಕರೆದು, "ಹಿಂದ ಕೂಡ್ರಿ, ನಿಮ್ಮ ತಂಗಿ ಹ್ಯಾಂಗ ಓಡಸ್ತಾಳ ನೋಡ್ರಿ. ಚಹಾ ಬಿಡಬ್ಯಾಡ್ರಿ, ಹಿಡಕೊಂಡೇ ಕೂಡ್ರಿ" ಎಂದರು. ಎರಡು ಮೈಲಿ ಹೋಗಿ ತಿರುಗಿ ಬಂದೆವು. ಅಣ್ಣ ಇಳಿದು ಬಸಿಯನ್ನು ನೋಡಿದ, ನನ್ನನ್ನು ನೋಡಿದ, ತಣ್ಣಗಾದ ಚಹಾವನ್ನು ಪೂರಾ ಕುಡಿದು ಒಳಗೆ ಹೋದ. ಅವತ್ತಿನಿಂದ ಅವ್ವನಿಗೆ ಹೋಗುತ್ತಿದ್ದ ವರದಿ ನಿಂತಿತು. ಆ ಬೆಳಗನ್ನು ನೆನೆದರೆ ಈಗಲೂ ನನ್ನ ಬೆನ್ನು ನೆಟ್ಟಗಾಗುತ್ತದೆ.

ಇನ್ನು ಆ ರೇಸಿನ ಮಾತು. ರೇಸ್ ಎಂದರೆ ಅವರಿಗೆ ಆಗುತ್ತಿರಲಿಲ್ಲ, 'ಪರೀಕ್ಷಾ' ಅನ್ನಬೇಕು. ನಾವು ಬೆನ್ನ ಹಿಂದೆ ರೇಸ್ ಎಂದೇ ಅನ್ನುತ್ತಿದ್ದೆವು. ದಸರೆಯಲ್ಲಿ ಹಳೇ ವಿದ್ಯಾರ್ಥಿಗಳೆಲ್ಲ ಬನ್ನಿ ಕೊಡಲು ಅವರ ಮನೆಗೆ ಹೋಗುವುದು ರೂಢಿ. ಒಂದು ವರ್ಷ ಅವರು, "ಬನ್ನಿ ಕೊಟ್ಟು ಕಾಲಿಗೆ ಬಿದ್ದು ಹೋಗ್ತೀರಿ. ಗಾಡಿ ನೆಟ್ಟಗ ಓಡಸ್ತೀರೋ ಇಲ್ಲೋ ಅಂತ ನಾ ಹ್ಯಾಂಗ ತಿಳಕೊಳ್ಳಲಿ?" ಎಂದರಂತೆ. ಒಬ್ಬ ವಿದ್ಯಾರ್ಥಿ ಕೋಟನೂರಿನ ಆಚೆ ಹೊಸ ಲೇಔಟ್ ಮಾಡಿದ್ದ. ಡಾಂಬರು ರಸ್ತೆ, ನಂಬರ್ ಕಲ್ಲು, ಒಂದು ನೀರಿನ ಟಾಕಿ, ಒಂದು ತಗಡಿನ ಶೆಡ್ಡು. ಮನೆ ಒಂದೂ ಇಲ್ಲ. ಗೇಟು ಹಾಕಿದರೆ ಹೊರಗಿನ ನಾಯಿಯೂ ಬರುವಂತಿರಲಿಲ್ಲ. ದಸರೆ ಆದ ಮೇಲಿನ ಭಾನುವಾರ ಅಲ್ಲಿ ಇಪ್ಪತ್ತು ಸುತ್ತು. ಒಂದು ಸುತ್ತಿಗೆ ಏಳು ತಿರುವು, ಕೆಲವು ಎಡಕ್ಕೆ, ಕೆಲವು ಬಲಕ್ಕೆ. ಶೆಡ್ಡಿನಿಂದ ಟಾಕಿಯವರೆಗಿನ ಅಗಲ ರಸ್ತೆಯಲ್ಲಿ ಮಾತ್ರ ಮುಂದಿನ ಗಾಡಿಯನ್ನು ದಾಟಬಹುದು. ಆ ರಸ್ತೆಯ ನಟ್ಟನಡುವೆ ಅಡ್ಡಕ್ಕೆ ಒಂದು ಸುಣ್ಣದ ಗೆರೆ. ಗೆರೆಯ ಪಕ್ಕದಲ್ಲಿ ಮಾಸ್ತರರು, ಕೈಯಲ್ಲಿ ಪಾಟಿ ಮತ್ತು ಬಳಪ. ಯಾವ ಗಾಡಿ ಯಾವ ಸುತ್ತಿನಲ್ಲಿ ಮುಂದಿತ್ತು ಎಂಬುದು ಆ ಪಾಟಿಯಲ್ಲಿ ಮಾತ್ರ ಇರುತ್ತಿತ್ತು. ಹಾರ್ನ್ ಹೊಡೆದವರು, ಗಾಡಿ ಬಂದ್ ಬೀಳಿಸಿದವರು ಹೊರಗೆ.

ಅವರ ದೊಡ್ಡ ನಿಯಮ ಎಂದರೆ ಗಾಡಿ ಮನೆಯಲ್ಲಿ ಹೇಗಿರುತ್ತದೋ ಹಾಗೇ ಬರಬೇಕು. ದಸರೆಯ ಖಂಡೆ ಪೂಜೆಗೆ ಗಾಡಿಗೆ ಏರಿಸಿದ ಹೂವು ಒಣಗಿದ್ದರೂ ತೆಗೆಯಬಾರದು. ಒಂದು ವರ್ಷ ಒಬ್ಬ ಗುತ್ತಿಗೆದಾರ ಭಾರ ಕಡಿಮೆ ಆಗಲೆಂದು ಹಿಂದಿನ ಸೀಟನ್ನೇ ಬಿಚ್ಚಿಟ್ಟು ಬಂದಿದ್ದ.

"ಹಿಂದಿನ ಸೀಟ್ ಎಲ್ಲಿ ಅದ?"

"ಮನ್ಯಾಗ ಅದರಿ ಸರ್."

"ನಿಮ್ಮ ಮನೀ ಮಂದಿ ಕೆಳಗ ಕೂತು ಬರ್ತಾರೇನು? ಹೋಗು, ತಗೊಂಡು ಬಾ."

ಅವನು ಹೋಗಿ ಸೀಟು ಕೂಡಿಸಿಕೊಂಡು ಬರುವವರೆಗೆ ಎಂಟು ಗಾಡಿ, ಐವತ್ತು ಜನ ಕಾದೆವು. ಇನ್ನೊಬ್ಬ ಕೀಟಲೆಗೆ, "ನಮ್ಮವ್ವ ದಿನಾ ಹಿಂದ ಕೂಡ್ತಾಳ್ರಿ ಸರ್, ಅಕೀನೂ ಕರಕೊಂಡು ಬರಬೇಕೇನ್ರಿ?" ಎಂದ. ಮಾಸ್ತರರು ಸ್ವಲ್ಪ ಹೊತ್ತು ವಿಚಾರ ಮಾಡಿ, "ಅದು ಅಕೀ ಇಚ್ಛಾ" ಎಂದರು.

ಗೆದ್ದವರಿಗೆ ಬಹುಮಾನ ಏನು ಗೊತ್ತೇ? ಮಾಸ್ತರರು ಗೆದ್ದವರ ಗಾಡಿಯಲ್ಲಿ, ಹಿಂದಿನ ಸೀಟಿನಲ್ಲಿ ಕೂತು, ತಮ್ಮ ಮನೆಯವರೆಗೆ ಬರುತ್ತಿದ್ದರು. ಅಷ್ಟೇ. ಹೊರಗಿನವರಿಗೆ ಇದು ನಗೆಯ ಮಾತು. ಅವರ ಕಾಲ ಕೆಳಗಿನ ಬ್ರೇಕ್ ನಂಬಿ ಕಲಿತ ನಮಗೆ ಹಾಗಿರಲಿಲ್ಲ. ಅವರು ಬ್ರೇಕ್ ಇಲ್ಲದ ಕಡೆ, ಹಿಂದೆ, ಆರಾಮಾಗಿ ಕೂಡುವುದು ವರ್ಷದಲ್ಲಿ ಒಂದೇ ಸಲ, ಒಬ್ಬರ ಗಾಡಿಯಲ್ಲಿ. ನನಗೆ ಅದು ಬೇಕೇ ಬೇಕಿತ್ತು. ಎರಡು ವರ್ಷ ನಿಂತು ನೋಡಿದೆ, ಒಂದು ವರ್ಷ ಮೂರನೆಯವಳಾದೆ. ನಾಲ್ಕನೆಯ ವರ್ಷ ಕಮಲಾಪುರದ ಸ್ಟಾಫ್ ರೂಮಿನಲ್ಲಿ, ಈ ಸಲ ಗೆದ್ದೇ ಬರುತ್ತೇನೆಂದು ಎಲ್ಲರ ಮುಂದೆ ಹೇಳಿಬಿಟ್ಟೆ. ಎಂಟನೇ ಇಯತ್ತೆಯ ಹುಡುಗಿಯರಿಗೂ ಸುದ್ದಿ ಮುಟ್ಟಿತ್ತು.

ಆ ಭಾನುವಾರ ಬೆಳಗಿನಿಂದಲೇ ಮೋಡ. ಚಿತ್ತಿ ಮಳೆಯ ದಿನಗಳು. ನನ್ನ ಗಾಡಿಯ ಡಿಕ್ಕಿಯಲ್ಲಿ ತವರಿನಿಂದ ತಂದ ಅರ್ಧ ಚೀಲ ತೊಗರಿಬೇಳೆ ಮರೆತೇ ಹೋಗಿತ್ತು. ಇಳಿಸಲು ಹೋದರೆ ಮಾಸ್ತರರು ಬಿಡಲಿಲ್ಲ. "ಇರ್ಲಿ, ಗಾಡಿಗಿ ಅದರ ರೂಢಿ ಆಗ್ಯಾದ" ಎಂದರು. ಯಜಮಾನರೂ ಮಗಳೂ ಉಳಿದವರ ಜೊತೆ ತಗಡಿನ ಶೆಡ್ಡಿನ ಕೆಳಗೆ ನಿಂತರು. ಮಾಸ್ತರರು ಎಲ್ಲರನ್ನೂ ಕರೆದು ಮಳೆಯ ನಿಯಮ ಹೇಳಿದರು. ಕೊನೆಯ ತಿರುವಿನಲ್ಲಿ ಪೈಪಿಗಾಗಿ ಅಗೆದು ಎರೆಮಣ್ಣು ಒಟ್ಟಿದ್ದರು. ಅದು ನೆನೆದು ಟೈರಿಗೆ ಹತ್ತಿದರೆ ಯಾವ ಬ್ರೇಕೂ ಹಿಡಿಯುವುದಿಲ್ಲ. ಹಾಗಾಗಿ ಮಳೆ ಜೋರಾದರೆ ಕೆಂಪು ಟವೆಲ್ ಬೀಸುತ್ತೇನೆ, ಆಗ ಗೆರೆಯ ಮೇಲೆ ಯಾರು ಮುಂದಿದ್ದರೋ ಅವರೇ ಗೆದ್ದ ಹಾಗೆ, ವಾದ ಇಲ್ಲ, ಎಂದರು. ನಾವೆಲ್ಲ ಹೂಂ ಎಂದೆವು.

ಮೊದಲ ಸುತ್ತಿನಿಂದಲೂ ಮುಂದೆ ಇದ್ದವನು ಕೋಟನೂರಿನ ಔಷಧ ಅಂಗಡಿಯವನು. ಮೆತ್ತಗಿನ ಮನುಷ್ಯ, ಗಾಡಿಯನ್ನೂ ಮೆತ್ತಗೆ ಓಡಿಸುವವನು, ಆದರೆ ತಿರುವಿನಲ್ಲಿ ಒಂದು ಇಂಚೂ ಬಿಟ್ಟುಕೊಡುವವನಲ್ಲ. ನಾನು ಐದನೆಯವಳಾಗಿ ಹೊರಟು, ಒಬ್ಬೊಬ್ಬರನ್ನೇ ದಾಟಿ, ಹತ್ತನೇ ಸುತ್ತಿಗೆ ಅವನ ಬೆನ್ನಿಗೆ ಬಂದಿದ್ದೆ. ಡಿಕ್ಕಿಯ ತೊಗರಿಬೇಳೆ ತಿರುವಿಗೊಮ್ಮೆ ಆ ಕಡೆಯಿಂದ ಈ ಕಡೆಗೆ ಸರಿಯುತ್ತಿತ್ತು. ನನಗೆ ಅಷ್ಟು ಸಂತೋಷ ಜೀವನದಲ್ಲಿ ಕಡಿಮೆ ಸಲ ಆಗಿದೆ. ಇನ್ನೂ ಹತ್ತು ಸುತ್ತು ಇವೆ, ಇವನನ್ನು ದಾಟುವುದು ನಿಶ್ಚಿತ ಎಂದು ಲೆಕ್ಕ ಹಾಕಿದ್ದೆ.

ಹನ್ನೆರಡನೇ ಸುತ್ತಿಗೆ ಹನಿ ಬಿತ್ತು. ಹದಿಮೂರನೇ ಸುತ್ತಿನ ಕೊನೆಯ ತಿರುವಿಗೆ ಬಂದಾಗ ಮಳೆ ಒಮ್ಮೆಲೇ ಸುರಿಯಿತು. ಅಗಲ ರಸ್ತೆಗೆ ಬಿದ್ದ ಕೂಡಲೇ ನಾನು ಪಕ್ಕಕ್ಕೆ ತೆಗೆದುಕೊಂಡು ಅವನನ್ನು ದಾಟಲು ಹೊರಟೆ. ಗೆರೆ ಬಂದಾಗ ಅವನು ಮುಂದಿದ್ದ. ನಾನು ಹಿಂದಿದ್ದೆ. ನನಗೆ ಗೊತ್ತಿತ್ತು. ಗೆರೆ ದಾಟಿ, ಟಾಕಿಯ ಹತ್ತಿರ ಹೋದ ಮೇಲೆ ನಾನು ಮುಂದಾದೆ. ಕನ್ನಡಿಯಲ್ಲಿ ನೋಡಿದರೆ ಕೆಂಪು ಟವೆಲ್ ಆಡುತ್ತಿತ್ತು.

ಸುತ್ತು ಹಾಕಿ ಎಲ್ಲರೂ ನಿಧಾನಕ್ಕೆ ಗೆರೆಯ ಹತ್ತಿರ ಬಂದೆವು. ಮಾಸ್ತರರು ಒಂದು ಕೈಯಲ್ಲಿ ಛತ್ರಿ, ಇನ್ನೊಂದರಲ್ಲಿ ಟವೆಲ್, ಕಂಕುಳಲ್ಲಿ ಪಾಟಿ ಹಿಡಿದು ನಿಂತಿದ್ದರು. "ಹದಿಮೂರು. ಕೋಟನೂರ ಮುಂದ" ಎಂದರು. ಶೆಡ್ಡಿನವರು ಚಪ್ಪಾಳೆ ಹೊಡೆದರು. ನನಗೆ ಏನಾಯಿತೋ, ಬಾಗಿಲು ತೆಗೆದು ಮಳೆಯಲ್ಲೇ ಇಳಿದೆ. ಏಳು ಸುತ್ತನ್ನು ಮಳೆ ಕಸಿದುಕೊಂಡಿತ್ತು, ಅದರ ಸಿಟ್ಟನ್ನು ಮಳೆಯ ಮೇಲೆ ತೀರಿಸಿಕೊಳ್ಳಲು ಬರುವುದಿಲ್ಲವಲ್ಲ.

"ನಾ ಮುಂದಿದ್ದೆ ಸರ್."

"ಇಲ್ಲ ತಂಗಿ. ಗೆರಿ ಮ್ಯಾಲೆ ಅವ ಇದ್ದ."

"ಗೆರಿ ಮ್ಯಾಲೇ ನಾ ಮುಂದಿದ್ದೆ. ಎಲ್ಲಾರಿಗೂ ಕಂಡದ, ನಿಮಗ ಕಾಣಲಿಲ್ಲೇನ್ರಿ? ನಿಮ್ಮ ಕಣ್ಣು ಹೋಗ್ಯಾವೇನ್ರಿ ಸರ್?"

ಎಲ್ಲರಿಗೂ ಕಂಡಿರಲಿಲ್ಲ. ಶೆಡ್ಡಿನವರಿಗೆ ಮಳೆಯ ಪರದೆಯ ಆಚೆ ಏನೂ ಕಂಡಿರಲಿಲ್ಲ. ಔಷಧ ಅಂಗಡಿಯವನೂ ಗಾಜು ಇಳಿಸಿ, "ಖರೇ ಹೇಳ್ಬೇಕಂದ್ರ ನನಗೂ ಗೊತ್ತಾಗ್ಲಿಲ್ರಿ ಸರ್. ಅಕ್ಕೋರಿಗೇ ಕೊಡ್ರಿ, ಏನಾತು" ಎಂದ. ಮಾಸ್ತರರು ಕಂಕುಳಿನಿಂದ ಪಾಟಿ ತೆಗೆದು ನೋಡಿದರು. ನೀರು ಹರಿದು ಗೀಟುಗಳೆಲ್ಲ ಬೆಳ್ಳಗೆ ಕಲೆಸಿಹೋಗಿದ್ದವು. ಅವರು ಪಾಟಿಯನ್ನೂ ನನ್ನನ್ನೂ ಬಹಳ ಹೊತ್ತು ನೋಡಿದರು.

"ಖರೇನಾ ತಂಗಿ?"

"ಖರೇರಿ ಸರ್."

"ಹಂಗಾದ್ರ ನೀನೇ," ಎಂದರು. "ತಪ್ಪು ನಂದು." ಹಾಗೆನ್ನುತ್ತ ನನ್ನ ಗಾಡಿಯ ಹಿಂದಿನ ಬಾಗಿಲು ತೆಗೆದು, ಕೂತರು. ಶೆಡ್ಡಿನಿಂದ ಓಡಿಬಂದ ಮಗಳು ಅವರ ಪಕ್ಕ ಹತ್ತಿದಳು, ಯಜಮಾನರು ಮುಂದೆ.

ನಾಲ್ಕು ವರ್ಷ ಕಾದ ಬಹುಮಾನ ಅದು. ಕೋಟನೂರಿನಿಂದ ಗುಡಿಯ ಹತ್ತಿರದ ಅವರ ಮನೆಯವರೆಗೆ ನಾನು ಅಷ್ಟು ಚೆನ್ನಾಗಿ ಯಾವತ್ತೂ ಓಡಿಸಿಲ್ಲ, ಒಂದು ಗುಂಡಿಯೂ ಅವರಿಗೆ ತಾಗಲಿಲ್ಲ. ಅವರು ಹೊಗಳಲಿಲ್ಲ. ಕನ್ನಡಿಯಲ್ಲಿ ನೋಡಿದರೆ ಕನ್ನಡಕ ತೆಗೆದು ಒರೆಸುತ್ತಿದ್ದರು, ಹಾಕಿಕೊಳ್ಳುತ್ತಿದ್ದರು, ಮತ್ತೆ ತೆಗೆದು ಒರೆಸುತ್ತಿದ್ದರು. ಕಿಟಕಿಯ ಹೊರಗೆ ನೋಡುತ್ತ ಸಣ್ಣ ದನಿಯಲ್ಲಿ ಅಂಗಡಿಗಳ ಬೋರ್ಡುಗಳನ್ನು ಒಂದೊಂದಾಗಿ ಓದುತ್ತಿದ್ದರು. ಬಳೆ ಅಂಗಡಿ, ಖಾನಾವಳಿ, ಸೈಕಲ್ ಮಾರ್ಟ್. ಮಗಳು ಅದೊಂದು ಆಟವೆಂದು ತಿಳಿದು ತಾನೂ ಜೊತೆಗೆ ಓದಿದಳು. ನಾನೂ ಹಾಗೇ ತಿಳಿದೆ, ಅಥವಾ ಹಾಗೆ ತಿಳಿಯುವುದು ಅನುಕೂಲವಾಗಿತ್ತು.

ದೀಪಾವಳಿ ಮುಗಿದ ಮೇಲೆ ಒಂದು ದಿನ ಆ ಕಡೆ ಹೋದರೆ ಅವರ ಕೋಣೆಯ ಮೇಲೆ ಬೋರ್ಡು ಇರಲಿಲ್ಲ. ಪಕ್ಕದಲ್ಲಿ ಹೂ ಮಾರುವ ಹೆಂಗಸು ಹೇಳಿದಳು: "ಮಾಸ್ತರ್ ಸ್ಕೂಲ್ ಬಂದ್ ಮಾಡ್ಯಾರ್ರಿ ಅಕ್ಕೋರೇ. ಗಾಡೀನೂ ಯಾರಿಗೋ ಕೊಟ್ಟುಬಿಟ್ರು. ನನ್ನ ಕಣ್ಣಿನ ಮ್ಯಾಲೆ ನನಗ ಭರವಸಿ ಇಲ್ಲ, ಮಂದಿ ಮಕ್ಕಳ ಜೀವದ ಸವಾಲ ಅದ ಅಂದ್ರು."

ಮಳೆಯಲ್ಲಿ ನಿಂತು ನಾನು ಆಡಿದ ಮಾತು ನೆನಪಾಯಿತು. ಆದರೆ ಗಣಿತದವಳಿಗೆ ಸಿದ್ಧಾಂತ ಹೊಂದಿಸುವುದು ಕಷ್ಟವೇ? ವಯಸ್ಸು ಎಪ್ಪತ್ತರ ಹತ್ತಿರ ಬಂದಿತ್ತು, ಎಂದಾದರೂ ನಿಲ್ಲಿಸಬೇಕಿತ್ತು, ನನ್ನ ಒಂದು ಮಾತಿಗೆ ಯಾರಾದರೂ ಸ್ಕೂಲು ಮುಚ್ಚುತ್ತಾರೆಯೇ, ಎಂದು ಒಂದರ ಮೇಲೊಂದು ಸಾಲು ಬರೆದುಕೊಂಡು ಉತ್ತರ ತಂದುಕೊಂಡೆ. ಆಮೇಲೆ ಬನ್ನಿ ಕೊಡಲು ಯಜಮಾನರನ್ನು ಕಳಿಸಿದೆ, ಸಂಕ್ರಮಣದ ಎಳ್ಳನ್ನು ಮಗಳ ಕೈಯಲ್ಲಿ ಕಳಿಸಿದೆ. ಲೇಔಟಿನಲ್ಲಿ ಮನೆಗಳು ಎದ್ದವು, ಪರೀಕ್ಷೆ ಮತ್ತೆ ನಡೆಯಲಿಲ್ಲ. ದಿನಾ ಮಹಾಗಾಂವ ದಾಟಿ ಕಮಲಾಪುರಕ್ಕೆ ಅವರು ಕಲಿಸಿದ ಹಾಗೇ ಗಾಡಿ ಓಡಿಸಿದೆ, ಅವರ ಓಣಿಗೆ ಮಾತ್ರ ಮೂರು ವರ್ಷ ಕಾಲಿಡಲಿಲ್ಲ. ಇದನ್ನು ಬರೆಯಲು ನಾಚಿಕೆಯಾಗುತ್ತದೆ.

ಒಂದು ಸಾಯಂಕಾಲ ಗುಡಿಯ ಎದುರಿನ ಬಳೆ ಅಂಗಡಿಯಲ್ಲಿ ಅವರ ಹೆಂಡತಿ ಸಿಕ್ಕರು. ತಪ್ಪಿಸಿಕೊಳ್ಳಲು ಆಗಲಿಲ್ಲ. ಅವರೇ ಕೈ ಹಿಡಿದುಕೊಂಡರು.

"ನೀವು ಹೇಳಿದ್ದು ಛಲೋನೇ ಆತು ನೋಡ್ರಿ," ಎಂದರು. "ಏನರ ಆಗಿ, ಯಾರರ ಹುಡುಗರಿಗೆ ಪೆಟ್ಟು ಬಿದ್ದು, ಆಮ್ಯಾಲೆ ನಿಲ್ಲಸೂದಕಿಂತ ಮೊದಲೇ ನಿಲ್ಲಿಸಿದ್ರು. ನಾನೇ ಡಾಕ್ಟರ್ ಕಡೆ ಕರಕೊಂಡು ಹೋಗಿದ್ದೆ. ಡಾಕ್ಟರ್ ಅಂದ್ರು, ಕಣ್ಣಾಗ ಜರಾ ಪೊರಿ, ಮೋತಿಬಿಂದು, ಸುರು ಆಗ್ಯಾದ, ಕಾಣಲಿಕ್ಕೆ ಏನೂ ಅಡ್ಡಿ ಇಲ್ಲ, ಗಾಡಿ ಕಲಸ್ರಿ ಅಂತ. ಇವರು ಎಲ್ಲಿ ಕೇಳ್ತಾರ? ನಮ್ಮ ಟೀಚರ್ ಹೇಳ್ಯಾಳ, ಗಣಿತ ಕಲಸಾಕಿ, ಅಕಿ ಎಣಿಕಿ ತಪ್ಪೂದಿಲ್ಲ ಅಂದ್ರು. ಈಗ ದಿನಾ ಕಟ್ಟಿ ಮ್ಯಾಲೆ ಕೂಡ್ತಾರ. ಹೋಗೋ ಬರೋ ಗಾಡಿ ನೋಡ್ತಾರ."

ಅವರ ಮಾತಿನಲ್ಲಿ ಚುಚ್ಚು ಇರಲಿಲ್ಲ. ಖರೇನೇ ನನ್ನ ಉಪಕಾರ ಸ್ಮರಿಸುತ್ತಿದ್ದರು. ನಾನು ಬಳೆಯನ್ನು ಅಲ್ಲೇ ಬಿಟ್ಟು ಬಂದೆ. ಯಜಮಾನರಿಗೆ ಹೇಳಿದಾಗ ಅವರು ನಗಲಿಲ್ಲ, ಹೋಗಿ ಬಾ ಎಂದರು.

ಶನಿವಾರ ಶಾಲೆ ಬಿಟ್ಟ ಮೇಲೆ ಕಮಲಾಪುರದ ಕೆಂಪು ಬಾಳೆಹಣ್ಣಿನ ಒಂದು ಚಿಪ್ಪು ಹಿಡಿದುಕೊಂಡು ಹೋದೆ. ಮಾಸ್ತರರು ಕಟ್ಟೆಯ ಮೇಲಿದ್ದರು. ಕಣ್ಣಿನ ಆಪರೇಷನ್ ಆಗಿ ವರ್ಷವಾಗಿತ್ತು, ಕನ್ನಡಕ ತೆಳ್ಳಗಾಗಿತ್ತು. ಮೈ ಇಳಿದಿತ್ತು. ನನ್ನ ಗಾಡಿ ನಿಂತದ್ದನ್ನು ನೋಡಿ, "ಹಿಂದಿನ ಚಕ್ರ ಜರಾ ಹೊರಗ ಅದ" ಎಂದರು. ಹೋಗಿ ಸರಿ ಮಾಡಿ ಬಂದೆ. ಒಳಗಿನಿಂದ ಮಂಡಕ್ಕಿ ಸುಸಲಾದ ಒಗ್ಗರಣೆಯ ವಾಸನೆ ಬರುತ್ತಿತ್ತು. ಇಷ್ಟು ದಿನ ಯಾಕೆ ಬರಲಿಲ್ಲ ಎಂದು ಅವರು ಕೇಳಲಿಲ್ಲ. ಶಾಲೆಯ ಬಗ್ಗೆ ಕೇಳಿದರು, ರಸ್ತೆಯ ಗುಂಡಿಗಳ ಬಗ್ಗೆ ಕೇಳಿದರು, ನಮ್ಮಣ್ಣ ಈಗ ಚಹಾ ಎಲ್ಲಿ ಕುಡಿಯುತ್ತಾನೆ ಎಂದು ಕೇಳಿದರು. ಇನ್ನೂ ತಡ ಮಾಡಿದರೆ ನನ್ನಿಂದ ಆಗುವುದಿಲ್ಲ ಎನ್ನಿಸಿತು.

"ಸರ್, ಅವತ್ತು ಹದಿಮೂರನೇ ಸುತ್ತಿನಾಗ ನಾ ಹಿಂದಿದ್ದೆ. ಗೆರಿ ಮ್ಯಾಲೆ ಅವನೇ ಮುಂದಿದ್ದ. ನನಗ ಗೊತ್ತಿತ್ತು. ಗೊತ್ತಿದ್ದೇ ಸುಳ್ಳು ಹೇಳಿದೆ."

ನಾನು ಕಾಲಿನ ಬೆರಳು ನೋಡುತ್ತ ಕೂತೆ. ಇವತ್ತು ಏಕಾದಶಿ ಆಗಿದ್ದರೂ ಚಿಂತೆ ಇಲ್ಲ, ಬಾಯಿಗೆ ಬಂದಂತೆ ಬೈಯಲಿ, ಇನ್ನು ಈ ಕಟ್ಟೆ ಹತ್ತಬೇಡ ಅನ್ನಲಿ ಎಂದು ಕಾದೆ.

"ಎಷ್ಟು ಹಿಂದಿದ್ದಿ?" ಎಂದರು.

"ಒಂದು ಗಾಡಿಯಷ್ಟು."

"ಊಹೂಂ. ಅಷ್ಟಿಲ್ಲ. ನಿನ್ನ ಗಾಡಿ ಮೂತಿ ಅವನ ಹಿಂದಿನ ಬಾಗಿಲಿಗೆ ಇತ್ತು. ಹಿಡಿಕಿಯ ಸಮಾ. ಹೌದಲ್ಲೋ?"

ನಾನು ತಲೆ ಎತ್ತಿದೆ. ಅವರು ಹೇಳಿದ್ದು ಸರಿಯಾಗಿತ್ತು. ಬಾಗಿಲ ಹಿಡಿಕೆಯ ನೇರಕ್ಕೇ ಇತ್ತು.

"ಹೌದ್ರಿ ಸರ್."

"ಇನ್ನೊಮ್ಮೆ ಹೇಳು."

"ಅವನ ಹಿಂದಿನ ಬಾಗಿಲಿಗೆ ಇತ್ರಿ. ನಿಮಗ ಕಂಡದ್ದೇ ಖರೇ."

ಅವರ ಮುಖ ಅರಳಿದ್ದನ್ನು ನಾನು ಸಾಯುವವರೆಗೂ ಮರೆಯಲಾರೆ. ಕಟ್ಟೆಯ ಮೇಲೆ ಕೈಯೂರಿ ಎದ್ದು ನಿಂತರು. ಒಳಗೆ ತಿರುಗಿ ಮೊದಲು ಮರಾಠಿಯಲ್ಲಿ ಹೆಂಡತಿಯನ್ನು ಕೂಗಿದರು, ಆಮೇಲೆ ನನಗೂ ಕೇಳಲೆಂದು ಕನ್ನಡಕ್ಕೆ ಬಂದರು. "ಹೊರಗ ಬಾ ಇಲ್ಲಿ! ಅವತ್ತು ನನಗ ನೆಟ್ಟಗೇ ಕಂಡಿತ್ತಂತ! ಆ ಮಳ್ಯಾಗ! ನನ್ನ ಕಣ್ಣು ಸರೀ ಇದ್ದವಂತ, ಕೇಳು ಇಕೀ ಬಾಯಿಲೇ!" ಎಂದು ಮಕ್ಕಳ ಹಾಗೆ ನಗುತ್ತಿದ್ದರು. ನನ್ನ ತಲೆಯ ಮೇಲೆ ಕೈಯಿಟ್ಟು, "ಕೋಟನೂರಿನವಗ ನೀನೇ ಹೋಗಿ ಹೇಳಬೇಕು ಮತ್ತ" ಎಂದರು. ಅಷ್ಟೇ ನನಗೆ ಅವರು ಕೊಟ್ಟ ಶಿಕ್ಷೆ.

ಹೆಂಡತಿ ಸುಸಲಾದ ತಾಟು ಹಿಡಿದುಕೊಂಡು ಬಾಗಿಲಿಗೆ ಬಂದರು. ಮಾಸ್ತರರು ಎಲ್ಲವನ್ನೂ ಮೊದಲಿನಿಂದ ಹೇಳಿದರು, ಕೈಯಿಂದ ಎರಡು ಗಾಡಿ ಮಾಡಿ ತೋರಿಸಿದರು. ಆಕೆ ಪೂರಾ ಕೇಳಿಸಿಕೊಂಡರು. ತಾಟನ್ನು ನನ್ನ ಮುಂದೆ ಇಟ್ಟು, ನನ್ನ ಮುಖವನ್ನು ಒಮ್ಮೆ ನೋಡಿ, ಒಳಗೆ ಹೋದರು. ಮೂರು ವರ್ಷ ಮಾಸ್ತರರು ಆ ಕಟ್ಟೆಯ ಮೇಲೆ ಸುಮ್ಮನೆ ಕೂತದ್ದನ್ನು ದಿನಾ ನೋಡಿದವರು ಆಕೆಯೊಬ್ಬರೇ.